ಎಡಗಡೆ ಸ್ವಲ್ಪ ಕಮ್ಮಿ

ನಮ್ಮ ಭಾವ ಯಾರ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡುವುದಿಲ್ಲ, ಟಿ.ವಿ.ಯ ಕೆಳಗೆ ನೋಡುತ್ತಾರೆ. ಆಮೇಲೆ ನೀರಿನ ಫಿಲ್ಟರ್ ಇಟ್ಟ ಮೂಲೆ, ಒಗೆದ ಬಟ್ಟೆ ರಾಶಿ ಹಾಕಿದ ಜಾಗ, ಕೋಳಿಗೂಡಿನ ಬದಿ. ಇಷ್ಟೆಲ್ಲ ನೋಡಿ ಮುಗಿದ ಮೇಲೆ ಪುರಸೊತ್ತಿದ್ದರೆ, "ಎಲ್ಲ ಸೌಖ್ಯವಾ?" ಎಂದು ಕೇಳುತ್ತಾರೆ. ಇಂಥವರನ್ನು ಏನೆಂದು ಕರೆಯಬೇಕು ಹೇಳಿ? ನನಗೊಂದು ಒಳ್ಳೆಯ ಪದ ಗೊತ್ತಿದೆ. ಆದರೆ ಅವರು ನನ್ನ ಹೆಂಡತಿಯ ಅಣ್ಣ, ನನಗೆ ಮಧ್ಯಾಹ್ನದ ಊಟ ಬೇಕು!

ಅವರು ಹುಡುಕುವುದು ಹಳೆಯ ಸ್ಪೀಕರುಗಳನ್ನು. ಮದುವೆಮನೆಯಲ್ಲಿ ಆಳೆತ್ತರ ನಿಲ್ಲಿಸಿ ಎದೆ ನಡುಗಿಸುತ್ತಾರಲ್ಲ, ಅಂಥವಲ್ಲ. ಮರದ ಸಣ್ಣ ಪೆಟ್ಟಿಗೆಗಳು, ಪುಸ್ತಕದ ಕಪಾಟಿನಲ್ಲಿ ಕೂರುವ ಗಾತ್ರದವು. ಬುಕ್‌ಶೆಲ್ಫ್ ಸ್ಪೀಕರ್ ಎಂದೇ ಹೆಸರು. ಭಾವನ ಮನೆಯಲ್ಲಿ ಪುಸ್ತಕ ಎಂದರೆ ಗೋಡೆಯ ಮೊಳೆಗೆ ನೇತುಹಾಕಿದ ಪಂಚಾಂಗ ಒಂದೇ ಎಂಬುದು ಬೇರೆ ಮಾತು.

ಮೂವತ್ತು ವರ್ಷ ಅವರು ಕುಂದಾಪುರ, ಬೈಂದೂರು, ಕೊಲ್ಲೂರು ಎಂದು ಖಾಸಗಿ ಬಸ್ಸು ಓಡಿಸಿದವರು. ನಡುವೆ ಕೆಲವು ವರ್ಷ ಹಾಲಾಡಿ, ಶಂಕರನಾರಾಯಣದ ಕಡೆಗೂ. ಆ ದಾರಿಯಲ್ಲಿ ಯಾವ ಮನೆಯವರು ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದರು, ಯಾವ ವರ್ಷ ಊರಿಗೆ ಬರುವಾಗ ಟೇಪ್ ರೆಕಾರ್ಡರ್ ತಂದರು, ಅದನ್ನು ಬಸ್ಸಿನ ಟಾಪಿನ ಮೇಲೆ ಹಾಕಿದರೋ ಮಡಿಲಲ್ಲಿ ಇಟ್ಟುಕೊಂಡರೋ, ಎಲ್ಲ ಅವರಿಗೆ ಬಾಯಿಪಾಠ. ಮಡಿಲಲ್ಲಿ ಇಟ್ಟುಕೊಂಡವರದ್ದು ಒಳ್ಳೆಯ ಮಾಲು ಎಂದು ಅವರ ಲೆಕ್ಕ! ಈಗ ಆ ಮನೆಗಳಲ್ಲಿ ಹಾಡು ಕೇಳುವುದು ಮೊಬೈಲಿನಲ್ಲಿ. ಪೆಟ್ಟಿಗೆಗಳು ಮಾತ್ರ ಸ್ಟೂಲಾಗಿ, ಸ್ಟ್ಯಾಂಡಾಗಿ, ಬೆಕ್ಕಿನ ಮಂಚವಾಗಿ ಬದುಕಿಕೊಂಡಿವೆ.

ಭಾವನಿಗೆ ಅವು ಅಷ್ಟು ಅಗ್ಗಕ್ಕೆ ಹೇಗೆ ಸಿಗುತ್ತವೆ? ಗುಟ್ಟು ಇಷ್ಟೇ: ಅವರು ಸ್ಪೀಕರ್ ಬೇಕು ಎಂದು ಬಾಯಿ ಬಿಡುವುದೇ ಇಲ್ಲ. ಮನೆಯ ಹೆಂಗಸರ ಹತ್ತಿರ ಹೋಗಿ, "ಎಂತ ಅಬ್ಬಿ, ಫಿಲ್ಟರ್ ಇಷ್ಟ್ ಕೆಳ್ಗ್ ಇಟ್ರೆ ನಿಮ್ ಸೊಂಟ ಒಳಿತ್ತಾ?" ಎಂದು ಮರುಗುತ್ತಾರೆ. ಮರುದಿನ ಒಂದು ಹೊಸ ಪ್ಲಾಸ್ಟಿಕ್ ಸ್ಟೂಲು ತಂದು ಕೊಡುತ್ತಾರೆ. ಫಿಲ್ಟರ್ ಸ್ಟೂಲಿನ ಮೇಲೆ ಹೋದ ಮೇಲೆ ಕೆಳಗಿದ್ದ ಪೆಟ್ಟಿಗೆ ಯಾರಿಗೆ ಬೇಕು? "ಅದನ್ನ್ ನೀವೇ ತಕಂಡ್ ಹೋಯ್ನಿ ಮರ್ರೆ, ಮೂಲಿ ಕಾಲಿ ಆಯ್ಲಿ" ಎಂದು ಅವರೇ ಎತ್ತಿ ಕೊಡುತ್ತಾರೆ! ಭಾವನ ಹಳೆಯ ಓಮ್ನಿಯ ಹಿಂದೆ ಯಾವಾಗಲೂ ಒಂದರೊಳಗೊಂದು ಕೂರಿಸಿದ ಏಳೆಂಟು ಸ್ಟೂಲುಗಳಿರುತ್ತವೆ.

ಅವರ ಜೇಬಿನಲ್ಲಿ ಪೆನ್ನಿರುವ ಕಡೆ ಒಂದು ಪೆನ್ಸಿಲ್ ಸೆಲ್ಲು ಇರುತ್ತದೆ. ಅದರ ಎರಡು ತುದಿಗೆ ಸ್ಪೀಕರಿನ ವಯರು ತಾಗಿಸಿದರೆ, ಜೀವ ಇದ್ದರೆ ಪೆಟ್ಟಿಗೆ "ಡುಬ್" ಎನ್ನುತ್ತದೆ. ಶಂಕರನಾರಾಯಣದಲ್ಲಿ ಒಬ್ಬ ಹಿರಿಯರು ತೀರಿಕೊಂಡು, ಉತ್ತರಕ್ರಿಯೆಯ ಊಟಕ್ಕೆ ನಾವೆಲ್ಲ ಹೋಗಿದ್ದೆವು. ಹೂ ಹಾಕಿದ ಫೋಟೋ ಇಟ್ಟದ್ದು ಒಂದು ಮರದ ಪೆಟ್ಟಿಗೆಯ ಮೇಲೆ. ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿ ನಿಂತಿದ್ದಾಗ ಫೋಟೋದ ಬುಡದಿಂದ "ಡುಬ್" ಎಂದಿತು. ಮನೆಯ ಅಜ್ಜಿ ಬೆಚ್ಚಿಬಿದ್ದು, "ಕೇಂಡ್ರ್ಯಾ! ಅವ್ರ್ ಬಂದ್ರ್!" ಎಂದು ಕೈಮುಗಿದರು. ಎಲ್ಲರೂ ಕೈಮುಗಿದರು. ಭಾವ ಸೆಲ್ಲನ್ನು ಜೇಬಿಗೆ ಸೇರಿಸಿ ಎಲ್ಲರಿಗಿಂತ ಮೇಲೆ ಕೈಯೆತ್ತಿ ಮುಗಿದರು!

ಇನ್ನು ಹಾಲಾಡಿಯ ಕೋಳಿಯ ಕತೆ. ಅಲ್ಲೊಂದು ಮನೆಯ ಕೊಟ್ಟಿಗೆಯಲ್ಲಿ ಎರಡು ಪೆಟ್ಟಿಗೆಗಳನ್ನು ಎದುರುಬದುರು ಇಟ್ಟು, ನಡುವೆ ಹುಲ್ಲು ಹಾಸಿ, ಕೋಳಿಯನ್ನು ಕಾವಿಗೆ ಕೂರಿಸಿದ್ದರು. ಸ್ಟೀರಿಯೋ ಕೇಳಲು ಎಲ್ಲಿ ಕೂರಬೇಕೋ ಸರಿಯಾಗಿ ಅಲ್ಲೇ ಕೂತ ಏಕೈಕ ಕೋಳಿ ಅದು. ಮನೆಯವರು ಕೋಳಿಯನ್ನು ಎಬ್ಬಿಸಲು ಹೋದರೆ ಭಾವ ಬಿಡಲಿಲ್ಲ. "ಬ್ಯಾಡ, ಬ್ಯಾಡ. ಮರಿ ಆಯ್ಲಿ, ಆಮೇಲ್ ಬತ್ತೆ" ಎಂದರು. ವಾರಕ್ಕೊಮ್ಮೆ ಹೋಗಿ ಬಾಣಂತಿಯನ್ನು ವಿಚಾರಿಸಿದ ಹಾಗೆ ಕೋಳಿಯನ್ನು ವಿಚಾರಿಸಿ ಬಂದರು. ಕೊನೆಗೊಂದು ದಿನ ಒಂದು ಬುಟ್ಟಿ, ಎರಡು ಸ್ಟೂಲು ಕೊಟ್ಟು ಪೆಟ್ಟಿಗೆಗಳನ್ನು ಮನೆಗೆ ತಂದರು. ಆ ಜೋಡಿಯೇ ಈಗ ಅವರ ಚಾವಡಿಯಲ್ಲಿರುವುದು, ನನ್ನ ಹೊಟ್ಟೆಗೆ ಕಿಚ್ಚು ಹಚ್ಚಿದ್ದೂ ಅದೇ.

ಹೌದು, ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನು ಪ್ರಯೋಜನ? ನಾನು ಕುಂದಾಪುರದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಬೋನಸ್ಸು ಬಂದಾಗ ಆಸೆಪಟ್ಟು ಹೊಸ ಸೌಂಡ್ ಸಿಸ್ಟಮ್ ತಂದಿದ್ದೆ. ಹಾಡಿನ ತಾಳಕ್ಕೆ ಕೆಂಪು, ಹಸಿರು, ನೀಲಿ ದೀಪ ಕುಣಿಯುವಂಥದ್ದು. ಭಾವನನ್ನು ಕರೆದು ಕೂರಿಸಿ, ಹಾಡು ಹಾಕಿ, "ಹ್ಯಾಂಗಿತ್ತ್ ಭಾವ?" ಎಂದು ಕೇಳಿದೆ. ನಾನು ಅವರಿಗೆ ಭಾವ, ಅವರು ನನಗೆ ಭಾವ. ಅವರು ಬಹಳ ಹೊತ್ತು ಯೋಚಿಸಿ, "ಸೌಂಡ್ ಅಡ್ಡಿಲ್ಲ ಭಾವ. ಲೈಟ್ ಲಾಯ್ಕಿತ್ತ್" ಎಂದರು.

ಅದಕ್ಕೆ ಅವರ ತಂಗಿ, ಅಂದರೆ ನನ್ನ ಧರ್ಮಪತ್ನಿ, ಬಿದ್ದು ಬಿದ್ದು ನಕ್ಕಳು. ಭಾವನ ಮಾತನ್ನು ಕ್ಷಮಿಸಿದೆ. ಆ ನಗುವನ್ನು ಇನ್ನೂ ಕ್ಷಮಿಸಿಲ್ಲ.

ಮುಂದಿನ ಭಾನುವಾರ ಅವರ ಮನೆಯಲ್ಲಿ ನಮಗೆ ಊಟ. ಊಟಕ್ಕೆ ಮೊದಲು ಪರೀಕ್ಷೆ. ಚಾವಡಿಯಲ್ಲಿ ಆ ಕೋಳಿ ಜೋಡಿ, ಎದುರಿಗೆ ಮೂರು ಕುರ್ಚಿ. "ಹ್ವಾಯ್ ಭಾವ, ನಡೂ ಕುರ್ಚಿಯಂಗ್ ಕೂಕಣಿ" ಎಂದು ನನ್ನನ್ನು ನಡುವೆ ಕೂರಿಸಿ, ತಾವು ಎಡಗಡೆಯ ಮೂಲೆ ಕುರ್ಚಿಯಲ್ಲಿ ಕೂತರು. ಒಂದು ಹಳೆಯ ಯಕ್ಷಗಾನದ ಕ್ಯಾಸೆಟ್ ಹಾಕಿದರು. ಏನು ಹೇಳಲಿ! ಭಾಗವತರು ಪದ ಎತ್ತುವ ಮೊದಲು ಉಸಿರು ತೆಗೆದುಕೊಂಡದ್ದು ಕೇಳಿಸಿತು. ಚೆಂಡೆ ಬಲಗಡೆಯ ಬಾಗಿಲ ಹತ್ತಿರ, ಭಾಗವತರು ನಟ್ಟನಡುವೆ, ಮದ್ದಳೆ ಎಡಗಡೆ ಕಿಟಕಿಯ ಪಕ್ಕ. ಕಣ್ಣು ಮುಚ್ಚಿದರೆ ಇಡೀ ಹಿಮ್ಮೇಳ ಭಾವನ ಚಾವಡಿಯಲ್ಲಿ ಕೂತಿತ್ತು. ನನ್ನ ದೀಪದ ಪೆಟ್ಟಿಗೆಯಲ್ಲಿ ಇದೇ ಕ್ಯಾಸೆಟ್ಟಿನ ಹಾಡು ಹಾಕಿದರೆ ಮೂವರನ್ನೂ ಒಂದು ಡ್ರಮ್ಮಿಗೆ ತುಂಬಿದ ಹಾಗೆ ಕೇಳುತ್ತದೆ!

"ಮದ್ದಳೆ ಎಲ್ಲಿತ್ತ್?" ಎಂದು ಭಾವ ಕೇಳಿದರು. ನಮ್ಮನ್ನು ಪರೀಕ್ಷೆ ಮಾಡುವ ಶಾಲೆ ಮಾಸ್ಟರರ ಹಾಗೆ!

"ಎಡದಂಗೆ ಅಣ್ಣಯ್ಯ! ಕಿಟ್ಕಿ ಹತ್ರ ಕೂತ್ಕಂಡ್ ಬಾರ್ಸ್ದಾಂಗಿತ್ತ್!" ಎಂದಳು ನನ್ನ ಹೆಂಡತಿ. ಅವಳ ಮುಖದಲ್ಲಿದ್ದ ಹೆಮ್ಮೆ ನೋಡಬೇಕಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಯಾವ ಸಾಧನೆಗೂ ಆ ಮುಖ ಅರಳಿದ್ದಿಲ್ಲ.

"ನೀವ್ ಹೇಳಿ ಭಾವ" ಎಂದು ಭಾವ ನನ್ನತ್ತ ಬಾಗಿದರು.

ನನ್ನ ಬಾಯಿಯಿಂದ ಆ ಮಾತು ಹೇಗೆ ಬಂತೋ ಗೊತ್ತಿಲ್ಲ. ಬಂದೇಬಿಟ್ಟಿತು. "ಎಡಬದಿ ಒಂಚೂರ್ ಕಮ್ಮಿ ಇತ್ತ್ ಭಾವ."

ಭಾವನ ಮುಖ ಸಪ್ಪಗಾಯಿತು. ಆ ದಿನ ನಾನು ಕೋಳಿ ಸಾರಿಗೆ ಇನ್ನೂ ನಾಲ್ಕು ನೀರುದೋಸೆ ಜಾಸ್ತಿ ತಿಂದೆ.

ಅಲ್ಲಿಂದ ಶುರುವಾಯಿತು ನೋಡಿ. ಮುಂದಿನ ಭಾನುವಾರದೊಳಗೆ ಭಾವ ಎಡಗಡೆಯ ಪೆಟ್ಟಿಗೆ ಬಿಚ್ಚಿ ವಯರು ಬದಲಿಸಿದ್ದರು. "ಈಗ?" ಎಂದರು. "ಅಡ್ಡಿಲ್ಲ. ಆದ್ರೆ ಇನ್ನೂ ಒಂಚೂರ್..." ಎಂದೆ. ಮತ್ತೆ ಬಿಚ್ಚಿದರು. ಸ್ಪೀಕರಿನ ಕಾಗದದ ಸುತ್ತ ಒಂದು ಮೆತ್ತನೆಯ ಉಂಗುರವಿರುತ್ತದೆ, ನಮ್ಮ ಉಪ್ಪು ಗಾಳಿಗೆ ಅದು ಪುಡಿಯಾಗುತ್ತದಂತೆ. ಅದಕ್ಕೆ ಭಾವ ಕಂಡುಹಿಡಿದ ಮದ್ದು ಕೊಡೆಯ ಬಟ್ಟೆ! ದುಂಡಗೆ ಕತ್ತರಿಸಿ, ಸೈಕಲ್ ಪಂಕ್ಚರಿನ ಗೋಂದು ಹಚ್ಚಿ ಅಂಟಿಸುವುದು. ಜೂನ್ ತಿಂಗಳ ಮೊದಲ ಮಳೆಗೆ ಅವರ ಹೆಂಡತಿ ಕೊಡೆ ಬಿಡಿಸಿದರೆ ಆಕಾಶ ಕಾಣುತ್ತಿತ್ತು. ನನ್ನ ಒಂದು "ಒಂಚೂರ್ ಕಮ್ಮಿ"ಗೆ ಆ ಮನೆಯ ಮೂರು ಕೊಡೆಗಳು ಬಲಿಯಾದವು. ನಾನು ಅಂಗಡಿ ಬಾಗಿಲಲ್ಲಿ ನಿಂತು ಅವರು ನಾಲ್ಕನೆಯ ಕೊಡೆ ಕೊಳ್ಳುವುದನ್ನು ನೋಡಿ ಆನಂದಪಟ್ಟೆ.

ಇಷ್ಟಕ್ಕೂ ಅವರಿಗೆ ಸೊಕ್ಕು ಎಂದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ನಾನು ಮಾತಾಡಿದರೆ ಮುಖ ಆಚೆ ತಿರುಗಿಸುತ್ತಾರೆ. ಮೂರು ಕುರ್ಚಿಯಿದ್ದರೂ ಯಾವಾಗಲೂ ಅದೇ ಮೂಲೆ ಕುರ್ಚಿ, ರಾಜರ ಸಿಂಹಾಸನದ ಹಾಗೆ. ದಾರಿಯಲ್ಲಿ ಹಿಂದಿನಿಂದ ಕರೆದರೆ ಒಮ್ಮೊಮ್ಮೆ ಓಗೊಡುವುದೂ ಇಲ್ಲ. ಸ್ಟೂಲು ಕೊಟ್ಟು ಸ್ಪೀಕರ್ ತರುವವನಿಗೆ ಇಷ್ಟು ಸೊಕ್ಕಾದರೆ, ಬೋನಸ್ಸು ಸುರಿದು ತಂದವನಿಗೆ ಎಷ್ಟಿರಬೇಡ?

ನಾನೂ ಒಂದು ಜೋಡಿ ಹುಡುಕಿಯೇ ಸಿದ್ಧ ಎಂದು ಹೊರಟೆ. ಬ್ರಹ್ಮಾವರದ ಹತ್ತಿರ ಒಂದು ಮನೆಯಲ್ಲಿ ಬೆಕ್ಕು ಮಲಗಿದ್ದ ಪೆಟ್ಟಿಗೆ ಕಂಡು, "ಈ ಸ್ಪೀಕರ್ ಕೊಡ್ತ್ರ್ಯಾ?" ಎಂದು ಕೇಳಿಬಿಟ್ಟೆ. ಯಜಮಾನರು ಬೆಕ್ಕನ್ನು ಓಡಿಸಿ, ಹೆಗಲ ಬೈರಾಸಿನಿಂದ ಪೆಟ್ಟಿಗೆ ಒರೆಸಿ, ಎತ್ತಿ ಶೋಕೇಸಿನೊಳಗೆ ಇಟ್ಟರು. "ಇದ್ ಜಪಾನಿದ್ ಮರ್ರೆ! ಕೊಡುಕಿಲ್ಲ" ಎಂದರು. ಬೆಕ್ಕು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಹೀಗಿರುವಾಗ ಒಂದು ಭಾನುವಾರ ಭಾವ ಊಟಕ್ಕೆ ಕೂತವರು, "ಬ್ರಹ್ಮಾವರದಂಗ್ ಒಂದ್ ಪೆಟ್ಗಿ ಸಿಕ್ತ್. ಇಂಥದ್ದ್ ಇಷ್ಟ್ ವರ್ಷದಂಗ್ ಕಂಡಿಲ್ಲೆ. ಆದ್ರೆ ಒಂದೇ. ಅದ್ರ್ ಜೋಡಿ ಎಲ್ಲಿತ್ತ್ ಅಂದ್ರೆ ಆ ಮನಿಯವ್ರ್ ಬಾಯೇ ಬಿಡುದಿಲ್ಲ" ಎಂದರು. ಮನೆಯವರ ಹೆಸರನ್ನೂ ಹೇಳಿದರು. ನಾನು ಹೋಗಿದ್ದ ಬೆಕ್ಕಿನ ಮನೆಯಲ್ಲ.

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆ ಮನೆಯ ಯಜಮಾನರ ತಮ್ಮ ಬೈಂದೂರಿನಲ್ಲಿರುವವರು, ನಮ್ಮ ಸಂಘದ ಸದಸ್ಯರು. ಅಣ್ಣತಮ್ಮಂದಿರು ಪಾಲಾಗಿ, ಮಾತು ಬಿಟ್ಟು ಎಷ್ಟೋ ವರ್ಷವಾಗಿದೆ. ಪಾಲು ಎಂದರೆ ಅವರದು ಅಂತಿಂಥ ಪಾಲಲ್ಲ. ಯಾರಿಗೂ ಒಂದು ಎಳ್ಳಷ್ಟು ಹೆಚ್ಚಾಗಬಾರದು ಎಂದು ಪಂಚಾಯ್ತಿಗೆ ಕೂತ ಹಿರಿಯರು ಅರೆಯುವ ಕಲ್ಲನ್ನು ಅಣ್ಣನಿಗೂ ಅದರ ಗುಂಡನ್ನು ತಮ್ಮನಿಗೂ ಕೊಟ್ಟಿದ್ದರು. ಅಂಥ ಮನೆಯಲ್ಲಿ ಜೋಡಿ ಸ್ಪೀಕರ್ ಇದ್ದರೆ ಏನಾಗಿರಬೇಕು? ಊಹಿಸಲು ಪಂಡಿತರೇ ಬೇಕೆ?

ಮರುದಿನವೇ ಸಂಘಕ್ಕೆ ರಜೆ ಹಾಕಿ, ಒಂದು ಹಸಿರು ಸ್ಟೂಲು ಕೊಂಡು, ಬೈಂದೂರು ಬಸ್ಸು ಹತ್ತಿದೆ. ಬಸ್ಸು ತುಂಬಿತ್ತು. ನಡುವೆ ಸ್ಟೂಲು ಹಾಕಿ ಕೂತೆ. "ಎಂತ ಮರ್ರೆ, ಸೀಟ್ ಮನಿಂದ್ಲೇ ತಂದ್ರ್ಯಾ?" ಎಂದು ಕಂಡಕ್ಟರ್ ಕೇಳಿದ. ಟಿಕೆಟಿನಲ್ಲಿ ಮಾತ್ರ ರಿಯಾಯಿತಿ ಕೊಡಲಿಲ್ಲ.

ತಮ್ಮನವರ ಮನೆಯಲ್ಲಿ ಪೆಟ್ಟಿಗೆ ಮಿಕ್ಸಿಯ ಕೆಳಗಿತ್ತು. "ಪಾಲಂಗ್ ಬಂದದ್. ಅಣ್ಣಂಗ್ ಒಂದ್, ನಂಗ್ ಒಂದ್. ತಕರಾರೇ ಇಲ್ಲ" ಎಂದರು ಅಭಿಮಾನದಿಂದ.

"ಒಂದ್ರಂಗ್ ಕೇಂಬುಕೆ ಲಾಯ್ಕ್ ಆತ್ತಾ?"

"ಕೇಂಬುದ್ ಯಾರ್ ಮರ್ರೆ? ಪಾಲ್ ಸಮಾ ಆಯ್ಕ್ ಅಲ್ದಾ!"

ಸ್ಟೂಲು ಕೊಟ್ಟೆ, ಪೆಟ್ಟಿಗೆ ತಂದೆ. ಮನೆಯಲ್ಲಿ ಯಾರಿಗೂ ಕಾಣದ ಹಾಗೆ ಅಕ್ಕಿ ಚೀಲದಲ್ಲಿ ಕಟ್ಟಿ ಸ್ಟೋರ್ ರೂಮಿನ ಅಟ್ಟಕ್ಕೆ ಹಾಕಿದೆ. ಒಂಟಿ ಸ್ಪೀಕರಿನಿಂದ ನನಗೇನು ಪ್ರಯೋಜನ ಎಂದು ಕೇಳುತ್ತೀರಾ? ಅವರಿಗೆ ಇಲ್ಲ ಎಂಬುದೇ ಪ್ರಯೋಜನ! ಮೂರು ತಿಂಗಳು ನಾನು ಪರಮಸುಖದಲ್ಲಿದ್ದೆ. ಪ್ರತಿ ಭಾನುವಾರ ಭಾವ, "ಜೋಡಿ ಸಿಕ್ಕಿಲ್ಲ ಭಾವ" ಎನ್ನುವುದು. ನಾನು ನಿಟ್ಟುಸಿರು ಬಿಟ್ಟು, "ಹುಡ್ಕಿ ಭಾವ, ಸಿಕ್ಕದೇ ಎಲ್ಲಿಗ್ ಹೋತ್ತ್" ಎನ್ನುವುದು. ನಾಟಕ ಮೇಳದವರು ನೋಡಿದ್ದರೆ ಅಂದೇ ಕರೆದುಕೊಂಡು ಹೋಗುತ್ತಿದ್ದರು.

ಕಳೆದ ತಿಂಗಳು ಒಂದು ಬೆಳಿಗ್ಗೆ ಮಾವಿನಹಣ್ಣು ಕೊಡಲು ಭಾವನ ಮನೆಗೆ ಹೋದೆ. ಭಾವ ಇರಲಿಲ್ಲ. ಅವರ ಹೆಂಡತಿ ಒಬ್ಬರೇ ಇದ್ದರು. ಅವರು ನನ್ನ ಹೆಂಡತಿಗೆ ಅತ್ತಿಗೆ, ನನಗೆ ಅಕ್ಕ.

"ಜೋಡಿ ಹುಡ್ಕುಕೆ ಕೊಲ್ಲೂರ್ ಬದಿಗ್ ಹೋದ್ರ್. ಈ ಬಿಸ್ಲಂಗೆ!" ಎಂದರು ಅಕ್ಕ.

ನನಗೆ ಒಳಗೊಳಗೇ ಖುಷಿ. "ಈ ಪ್ರಾಯದಂಗ್ ಎಂತಕ್ ಅಕ್ಕ ಈ ಮರ್ಲ್? ಇಪ್ಪ ಜೋಡಿ ಸಾಲ್ದಾ ಅವ್ರಿಗೆ?"

"ಅವ್ರಿಗಾ? ಅದ್ ಅವ್ರಿಗಲ್ಲ ಮರ್ರೆ. ನಿಮ್ಗೆ."

"ನಂಗಾ?"

ಅಕ್ಕ ಮೂಲೆಯಲ್ಲಿದ್ದ ಬಟ್ಟೆ ಸರಿಸಿದರು. ಬ್ರಹ್ಮಾವರದ ಪೆಟ್ಟಿಗೆ. ಪಾಲಿಶ್ ಮಾಡಿ ಹೊಳೆಯುತ್ತಿತ್ತು. "ಎಲ್ರೂ ಲಾಯ್ಕಿತ್ತ್ ಲಾಯ್ಕಿತ್ತ್ ಅಂತ್ರ್, ಭಾವ ಒಬ್ರೇ ಎಡ ಕಮ್ಮಿ ಇತ್ತ್ ಅಂತ ಹಿಡುದ್ರ್ ಅಂಬ್ರ್. ಅಷ್ಟ್ ಲಾಯ್ಕಿನ್ ಕೆಮಿ ಇಪ್ಪವ್ರ್ ಆ ಲೈಟಿನ್ ಡಬ್ಬಿ ಕೇಂಬುದಾ ಅಂತ ಅವ್ರಿಗ್ ಬೇಜಾರ್. ನಿಮ್ಗೊಂದ್ ಜೋಡಿ ಕೂಡ್ಸಿ ಕೊಡ್ಕ್ ಅಂತ ಹಟ."

ನನ್ನ ಕಿವಿ ಲಾಯ್ಕಂತೆ! "ಅಲ್ಲ ಅಕ್ಕ, ಎಡ ಕಮ್ಮಿ ಇತ್ತೋ ಇಲ್ಯೋ ಭಾವನಿಗೇ ಗೊತ್ತಾತ್ತಿಲ್ಯಾ?"

ಅಕ್ಕ ಹೊರಗೆ ಯಾರೂ ಇಲ್ಲವೆಂದು ನೋಡಿ, "ನಿಮ್ ಹೆಂಡ್ತಿಗೂ ಹೇಳ್ಬೇಡಿ. ಅವ್ರಿಗೆ ಎಡದ್ ಕೆಮಿ ಕೇಂತಿಲ್ಲ. ಬಸ್ಸಿನ್ ಇಂಜಿನ್ ಆ ಬದಿಯೇ ಅಲ್ದಾ? ಹದ್ನೈದ್ ವರ್ಷ ಆಯ್ತ್. ಗೊತ್ತಾದ್ರೆ ಸ್ಟೇರಿಂಗ್ ಬಿಡ್ಸ್ತ್ರ್ ಅಂತ ಯಾರಿಗೂ ಹೇಳಿಲ್ಲ. ಈಗ ಹೇಳುಕೆ ನಾಚ್ಕಿ. ಮದ್ದಳೆ ಎಲ್ಲಿತ್ತ್ ಅಂತ ಅವ್ರಿಗ್ ಗೊತ್ತಾತ್ತಿಲ್ಲ. ಅದ್ಕೇ ಬಂದವ್ರ್‌ನೆಲ್ಲ ನಡೂ ಕೂರ್ಸಿ ಕೇಂಬುದ್" ಎಂದರು.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಆಚೆ ತಿರುಗಿಸುತ್ತಿದ್ದ ಮುಖ ನೆನಪಾಯಿತು. ತಿರುಗಿಸಿದ್ದು ಮುಖವನ್ನಲ್ಲ, ಕೇಳುವ ಬಲಗಿವಿಯನ್ನು ನನ್ನ ಕಡೆಗೆ ತಂದದ್ದು. ಎಲ್ಲರೂ ಬಲಕ್ಕೆ ಬರಲಿ ಎಂದು ಎಡಗಡೆಯ ಮೂಲೆ ಕುರ್ಚಿ. ಕೇಳದ ಕಿವಿಯವರು, ಕಿವಿ ಕೇಳುವ ನನ್ನ ಮಾತು ನಂಬಿ, ಏನೂ ಕೆಡದ ಪೆಟ್ಟಿಗೆಯನ್ನು ಮತ್ತೆ ಮತ್ತೆ ಬಿಚ್ಚಿದ್ದರು. ಮೂರು ಕೊಡೆ ಕತ್ತರಿಸಿದ್ದರು. ನಾನು ನಾಲ್ಕು ನೀರುದೋಸೆ ಜಾಸ್ತಿ ತಿಂದಿದ್ದೆ. ನನ್ನ ಜನ್ಮಕ್ಕಿಷ್ಟು ಎನಿಸಿತು.

ಮನೆಗೆ ಬಂದು ಅಟ್ಟದಿಂದ ಚೀಲ ಇಳಿಸುವಾಗ ಹೆಂಡತಿ ಬಂದಳು. "ಎಂತ ಅದ್?"

"ನನ್ ಹೊಟ್ಟೆಕಿಚ್ಚ್" ಎಂದೆ.

"ಅಷ್ಟ್ ಭಾರವಾ?" ಎಂದಳು. ಒಂದು ಕೈ ಕೊಟ್ಟಳು.

ಸಂಜೆ ಪೆಟ್ಟಿಗೆಯನ್ನು ಭಾವನ ಚಾವಡಿಯಲ್ಲಿ ಇಳಿಸಿದೆ. ಕೊಲ್ಲೂರಿನಿಂದ ಬರಿಗೈಯಲ್ಲಿ ಬಂದು ಕೂತಿದ್ದವರು ಎದ್ದು ಬಂದು, ಜೇಬಿನ ಸೆಲ್ಲು ತೆಗೆದು ತಾಗಿಸಿದರು. "ಡುಬ್." ಪೆಟ್ಟಿಗೆಯ ಮೇಲೆ ಕೈಯಾಡಿಸುತ್ತ, "ಎಲ್ಲಿಂದ ಭಾವ?" ಎಂದರು.

"ಬೈಂದೂರಿಂದ."

ಯಾವಾಗ ಎಂದು ಅವರು ಕೇಳಲಿಲ್ಲ. "ಸ್ಟೂಲ್ ಎಂತ ಬಣ್ಣದ್ದ್ ಕೊಟ್ರಿ?" ಎಂದು ಮಾತ್ರ ಕೇಳಿದರು.

"ಹಸ್ರ್."

"ಲಾಯ್ಕ್ ಆಯ್ತ್" ಎಂದು ನಕ್ಕರು.

ಬ್ರಹ್ಮಾವರದ್ದನ್ನು ಬಲಕ್ಕೆ, ಬೈಂದೂರಿನದ್ದನ್ನು ಎಡಕ್ಕೆ ಇಟ್ಟರು. ಪಾಲಾದ ಮೇಲೆ ಅವೆರಡೂ ಮೊದಲ ಸಲ ಒಂದೇ ಕೋಣೆಯಲ್ಲಿ ಸೇರಿದ್ದು. ಭಾವ ಬಗ್ಗಿ ವಯರು ಸಿಕ್ಕಿಸುತ್ತಿದ್ದಾಗ ನಾನು ಪಕ್ಕದಲ್ಲೇ ಕೂತು, "ಭಾವ, ನಿಮ್ ಹಳೇ ಜೋಡಿ ಸುರೂವಿಂದ್ಲೂ ಸಮಾನೇ ಇತ್ತ್. ಹೊಟ್ಟೆಕಿಚ್ಚಂಗ್ ನಾ ಸುಳ್ ಹೇಳ್ದೆ" ಎಂದೆ. ಹೇಳಿದ ಮೇಲೆ ನೋಡಿಕೊಂಡೆ, ನಾನು ಕೂತದ್ದು ಅವರ ಎಡಗಡೆ. ಬೇಕೆಂದೇ ಕೂತೆನೋ ಏನೋ, ಹೇಡಿ!

"ಎಂತ ಅಂದ್ರಿ?" ಎಂದು ಅವರು ಮುಖ ಆಚೆ ತಿರುಗಿಸಿ ಬಲಗಿವಿ ಕೊಟ್ಟರು.

"ಎಂತ ಇಲ್ಲ ಭಾವ. ಟೇಪ್ ಹಾಕಿ."

ನಾನು ನಡು ಕುರ್ಚಿಯಲ್ಲಿ, ಅವರು ತಮ್ಮ ಮೂಲೆಯಲ್ಲಿ. ಭಾಗವತರು ಉಸಿರು ತೆಗೆದುಕೊಂಡರು. ಪದ ಎದ್ದಿತು. ಚೆಂಡೆ ಬಾಗಿಲಲ್ಲಿ ನಿಂತಿತು. ಭಾವ ಸ್ಪೀಕರ್ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ, "ಮದ್ದಳೆ ಎಲ್ಲಿತ್ತ್ ಭಾವ?" ಎಂದರು.

ನಾನು ಎಡಗೈ ಎತ್ತಿ ಕಿಟಕಿಯ ಕಡೆಗೆ ತೋರಿಸಿದೆ. "ಅಲ್ಲಿ. ಎಂತದೂ ಕಮ್ಮಿ ಇಲ್ಲ."

ಭಾವ ಆ ಕಡೆ ತಿರುಗಿದರು. ಯಾರೂ ಇಲ್ಲದ ಆ ಜಾಗವನ್ನು, ಅಲ್ಲಿ ಒಬ್ಬರು ಕೂತು ನುಡಿಸುತ್ತಿರುವ ಹಾಗೆ, ಕಣ್ಣು ತುಂಬ ನೋಡಿದರು. ಮದ್ದಳೆ ನಿಲ್ಲುವವರೆಗೂ ನಾನು ಕೈ ಇಳಿಸಲಿಲ್ಲ.